ತೋಟಕ್ಕೆ ಬೇಲಿ, ಬೆಟ್ಟಕ್ಕೆ ಬಿಡುವು

ಪ್ರಶ್ನೆ: ಶಿರಸಿ ತಾಲೂಕಿನ ಪಶ್ಚಿಮ ಸೆರಗಿನಲ್ಲಿ ನಮ್ಮ ಕುಟುಂಬದ ಆಸ್ತಿ ಇದೆ. ಕಣಿವೆಯಲ್ಲಿ 6 ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸುಮಾರು 50 ಎಕರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಅದರಾಚೆ 11 ಎಕರೆ ಮಾಲ್ಕಿ ಬೇಣ (ಸ್ವಂತ ಹುಲ್ಲುಗಾವಲು). ಬೇಣದ 4 ಎಕರೆಯಲ್ಲಿ ಅಕೇಶಿಯಾ ನಿಂತಿದೆ. ಬೆಟ್ಟ ಅರ್ಧ ಬೋಳಾಗಿದೆ, ಉಳಿದದ್ದರಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಕಳೆ. ಮೊದಲು ಮೇ ತನಕ ಹರಿಯುತ್ತಿದ್ದ ಹಳ್ಳ ಈಗ ಫೆಬ್ರುವರಿಗೇ ನಿಲ್ಲುತ್ತದೆ. ರಾತ್ರಿ ಕಾಡುಕೋಣ, ಹಗಲು ಮಂಗ. ಇಡೀ ಆಸ್ತಿಗೆ ಸೋಲಾರ್ ಬೇಲಿ ಹಾಕಿ, ಬೆಟ್ಟದಲ್ಲಿ ಜೆಸಿಬಿಯಿಂದ ಇಂಗುಗುಂಡಿ ತೋಡಿಸಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಜೆಸಿಬಿಯವರಿಗೆ ಬರುವುದು ಬೇಡ ಎಂದು ಹೇಳಿಬಿಡಿ. ಬೇಲಿಯ ಹಣವನ್ನೂ ಸದ್ಯ ಮುಟ್ಟಬೇಡಿ. ನೀವು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಬೆಟ್ಟದಲ್ಲಿ. ಅಲ್ಲಿ ನೆರಳೂ ದರಕೂ (ಉದುರಿದ ಒಣ ಎಲೆ) ಹೋದ ಮೇಲೆ ಮಳೆನೀರು ಇಂಗದೆ ಜಾರಿತು, ಹಳ್ಳ ಬೇಗ ಬತ್ತಿತು. ಹುಲ್ಲಿದ್ದ ಜಾಗವನ್ನು ಕಮ್ಯುನಿಸ್ಟ್ ಗಿಡ ನುಂಗಿತು, ಕುಡಿಯಲು ನೀರೂ ಇಲ್ಲವಾಯಿತು, ಕಾಡುಕೋಣ ತೋಟಕ್ಕೆ ಇಳಿಯಿತು. ಕೆಲಸ ಶುರುವಾಗಬೇಕಾದದ್ದು ಬೆಟ್ಟಕ್ಕೆ ಬಿಡುವು ಕೊಡುವುದರಿಂದ. ನೀರಿನ ಕೆಲಸ ಅದರ ನಂತರ, ಬೇಲಿ ಕೊನೆಗೆ, ಅದೂ ತೋಟಕ್ಕೆ ಮಾತ್ರ. ಮಂಗನ ವಿಷಯ ಬೇರೆ. ಬೆಟ್ಟ ಎಷ್ಟೇ ಚೆನ್ನಾದರೂ ಮಂಗ ಬರುವುದು ಪೂರ್ತಿ ನಿಲ್ಲುವುದಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಪಹಣಿ ತೆಗೆದು ಕೂತು ಓದಿ. ಬೇಣ ಮಾಲ್ಕಿ, ಅದು ನಿಮ್ಮದು. ಬೆಟ್ಟ ಹಾಗಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಬ್ರಿಟಿಷರ ಕಾಲದ ಅರಣ್ಯ ವ್ಯವಸ್ಥೆಯಲ್ಲಿ ತೋಟಕ್ಕೆ ಬಿಟ್ಟುಕೊಟ್ಟ ಸವಲತ್ತಿನ ಭೂಮಿ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಹೆಚ್ಚೆಂದರೆ 9 ಎಕರೆ ಎಂಬ ಲೆಕ್ಕ ಅಲ್ಲಿಂದಲೇ ಬಂದದ್ದು. ನಿಮ್ಮ 6ಕ್ಕೆ 50 ಅದಕ್ಕೆ ಹೊಂದುತ್ತದೆ. ಸೊಪ್ಪು, ದರಕು, ಹುಲ್ಲು, ಒಣಕಟ್ಟಿಗೆ ತರುವ ಹಕ್ಕು ನಿಮ್ಮದು, ನೆಲ ನಿಮ್ಮದಲ್ಲ. ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಅಲ್ಲಿ ಯಂತ್ರದಿಂದ ತೋಡುವುದು, ಕಾಯಂ ಬೇಲಿ ಹಾಕುವುದು, ಮರ ತೆಗೆದು ಬೇರೆ ಬೆಳೆ ಇಡುವುದು ಮಾಡಿದರೆ ಅರಣ್ಯ ಪ್ರಕರಣವಾಗುತ್ತದೆ. ನಿಮ್ಮ ಗ್ರಾಮ ಅರಣ್ಯ ಸಮಿತಿಯ ಮೂಲಕ ಬೆಟ್ಟ ಅಭಿವೃದ್ಧಿಯ ಯೋಜನೆ ಬರೆದು ವಲಯ ಅರಣ್ಯಾಧಿಕಾರಿಗೆ ಕೊಡಿ. ಹಾಗೆ ಹೋದರೆ ಸಸಿಯೂ ಸಿಗುತ್ತದೆ, ಮುಂದೆ ತಕರಾರೂ ಇರುವುದಿಲ್ಲ.

ಈಗ ಸೊಪ್ಪಿನ ಲೆಕ್ಕ. ಇದು ಅರ್ಥವಾಗದೆ ಬೆಟ್ಟ ಉಳಿಯುವುದಿಲ್ಲ. 9 ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿ ಸೊಪ್ಪು, 12 ಕೆ.ಜಿ. ಗೊಬ್ಬರ ಎಂಬುದು ರೂಢಿಯ ಶಿಫಾರಸು. ನಿಮ್ಮ 6 ಎಕರೆಯ 3300 ಮರಕ್ಕೆ ಸುಮಾರು 40 ಟನ್ ಹಸಿ ಸೊಪ್ಪು ಬೇಕು. ಕೊಟ್ಟಿಗೆಗೆ ಹಾಸುವ ದರಕು ಇದರ ಮೇಲೆ. ಮತ್ತಿ, ಹುಣಾಲು, ಹೊನ್ನೆ, ನಂದಿ, ಕವಲು, ನೇರಳೆ ತುಂಬಿ ನಿಂತ 50 ಎಕರೆಗೆ ಇದು ದೊಡ್ಡ ಹೊರೆಯಲ್ಲ. ಅರ್ಧ ಬೋಳಾದ ಬೆಟ್ಟಕ್ಕೆ ಇದೇ ಹೊರೆ ಎರಡು ಪಟ್ಟು ಬೀಳುತ್ತದೆ. ಉಳಿದ ಮರಗಳನ್ನೇ ವರ್ಷ ವರ್ಷ ಬೋಳಿಸಿ, ಉಳಿದರ್ಧವೂ ಹೋಗುತ್ತದೆ.

ಬೆಟ್ಟಕ್ಕೆ ಹೋಗಿ ಒಂದು ಮತ್ತಿ ಮರದ ಹತ್ತಿರ ನಿಂತು ನೋಡಿ. ಕಾಂಡದುದ್ದಕ್ಕೂ ಗಂಟುಗಂಟು, ಗಂಟಿನ ಬಾಯಲ್ಲಿ ಕಪ್ಪು ಕೊಳೆ, ತುದಿಯಲ್ಲಿ ಮಾತ್ರ ಪೊರಕೆಯಂತೆ ಒಂದು ಹಿಡಿ ಸೊಪ್ಪು. ಈ ಮರ ಬದುಕಿದೆ, ಹೂ ಬಿಡುವುದಿಲ್ಲ. ಹೂವಿಲ್ಲದೆ ಬೀಜವಿಲ್ಲ, ಬೀಜವಿಲ್ಲದೆ ಸಸಿಯಿಲ್ಲ. ಬೆಟ್ಟದಲ್ಲಿ ಹಳೆಯ ಮರಗಳಷ್ಟೇ ಇದ್ದು, ಮೊಣಕಾಲೆತ್ತರದಿಂದ ಆಳೆತ್ತರದವರೆಗಿನ ಎಳೆಮರ ಒಂದೂ ಕಾಣದಿದ್ದರೆ ಆ ಬೆಟ್ಟ ಮುಂದಿನ ತಲೆಮಾರಿಗಿಲ್ಲ.

ಬೆಟ್ಟವನ್ನು ಮೂರು ಪಾಲು ಮಾಡಿ. ಒಂದು ವರ್ಷ ಒಂದು ಪಾಲಿನಲ್ಲಿ ಮಾತ್ರ ಕತ್ತಿ ಆಡಲಿ, ಎರಡು ಪಾಲಿಗೆ ರಜೆ. ತೀರಾ ಬೋಳಾದ ಪಾಲಿಗೆ ಮೊದಲ 5 ವರ್ಷ ಪೂರ್ತಿ ರಜೆ ಕೊಡಿ, ದನವನ್ನೂ ಬಿಡಬೇಡಿ. ಕಡಿಯುವ ಪಾಲಿನಲ್ಲೂ ಮರದ ನೆತ್ತಿಯ ಮೂರನೇ ಒಂದು ಭಾಗವನ್ನು ಮುಟ್ಟಬಾರದು. ಮುಂಗೈಗಿಂತ ದಪ್ಪನೆಯ ಕೊಂಬೆಗೆ ಕತ್ತಿ ಹಾಕಬಾರದು. ಕೊಂಬೆಯ ಅಡಿಗೆ ಮೊದಲು ಒಂದು ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಹೊಡೆಯಿರಿ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸೀಳಿಕೊಂಡು ಬರುತ್ತದೆ, ಮಳೆನೀರು ಒಳಗಿಳಿದು ಮರ ಟೊಳ್ಳಾಗುತ್ತದೆ. ಕಾಂಡದಿಂದ ಒಂದು ಗೇಣು ಬಿಟ್ಟು ಕಡಿದರೆ ಅಲ್ಲಿಂದ ಚಿಗುರು ಬರುತ್ತದೆ. ಮಾರ್ಚ್‌ನಿಂದ ಮೇವರೆಗೆ ಹಸಿ ಸೊಪ್ಪು ಕಡಿಯಲೇಬೇಡಿ. ಮರ ತನ್ನ ಸಂಗ್ರಹವನ್ನೆಲ್ಲ ಹೊಸ ಚಿಗುರಿಗೆ ಸುರಿದಿರುವ ಹೊತ್ತು ಅದು. ಆಗ ಕಡಿದರೆ ಎರಡನೇ ಸಲ ಚಿಗುರಲು ಅದರಲ್ಲಿ ಶಕ್ತಿ ಇರುವುದಿಲ್ಲ. ಜುಲೈ ಹೊತ್ತಿಗೆ ಎಲೆ ಬಲಿತಿರುತ್ತದೆ, ಆಗ ಕಡಿಯಿರಿ.

ಹಾಗಾದರೆ ತೋಟಕ್ಕೆ ಸೊಪ್ಪು ಎಲ್ಲಿಂದ? ಅರ್ಧ ಉತ್ತರ ತೋಟದಲ್ಲೇ ಬಿದ್ದಿದೆ. ಒಂದು ಹೆಕ್ಟೇರ್ ಅಡಿಕೆ ತೋಟದಿಂದ ಸೋಗೆ (ಗರಿ), ಹಾಳೆ, ಕೊನೆ (ಗೊನೆ), ಸಿಪ್ಪೆ ಎಲ್ಲ ಸೇರಿ ವರ್ಷಕ್ಕೆ 5.5ರಿಂದ 6 ಟನ್ ಒಣ ಕಸ ಬರುತ್ತದೆ. ನಿಮ್ಮ ತೋಟದಲ್ಲಿ ಅದು ಹೆಚ್ಚುಕಡಿಮೆ 14 ಟನ್. ಅಂಗಳದ ಮೂಲೆಯಲ್ಲಿ ರಾಶಿ ಹಾಕಿ ಸುಡುವುದನ್ನು ಇಂದೇ ನಿಲ್ಲಿಸಿ. ಸೋಗೆ, ಹಾಳೆಯನ್ನು ಅರ್ಧ ಅಡಿಗೆ ತುಂಡರಿಸಿ, ಸಗಣಿ ನೀರು ಹಾಕಿ ಎರಡು ವಾರ ಕೊಳೆಸಿ, ಎರೆಹುಳು ಬಿಟ್ಟರೆ ಸುಮಾರು ಎರಡೂವರೆ ಮೂರು ತಿಂಗಳಲ್ಲಿ ಗೊಬ್ಬರ. ಇನ್ನೊಂದು ಪಾಲು ಬೇಣದ ಅಂಚಿನಿಂದ ಬರಲಿ. ಮಾಲ್ಕಿಯ ಗಡಿಯುದ್ದಕ್ಕೂ ಗ್ಲಿರಿಸಿಡಿಯಾ ಗೂಟಗಳನ್ನು ಮೊದಲ ಮಳೆಗೆ 3 ಅಡಿಗೊಂದರಂತೆ ನೆಡಿ. ಎರಡನೇ ವರ್ಷದಿಂದ ವರ್ಷಕ್ಕೆ ಎರಡು ಸಲ ಸೊಪ್ಪು ಕೊಡುತ್ತದೆ, ಬೇಲಿಯೂ ಆಗುತ್ತದೆ. ದಾರಿ ಪಕ್ಕ ಇದ್ದರೆ ಹೆಂಗಸರಿಗೆ ಹೊರೆ ಹೊತ್ತು ಬೆಟ್ಟ ಇಳಿಯುವುದೂ ತಪ್ಪುತ್ತದೆ.

ಬೆಂಕಿಯ ಮಾತು ಬಿಟ್ಟರೆ ಇದೆಲ್ಲ ವ್ಯರ್ಥ. ಐದು ವರ್ಷ ಕಾದ ಬೆಟ್ಟ ಒಂದು ಮಧ್ಯಾಹ್ನದಲ್ಲಿ ಹಿಂದಕ್ಕೆ ಹೋಗುತ್ತದೆ. ದೊಡ್ಡ ಮರ ಸಾಯುವುದಿಲ್ಲ, ಹಾಗಾಗಿ ಏನೂ ಆಗಲಿಲ್ಲ ಎಂದುಕೊಳ್ಳುತ್ತಾರೆ. ಸುಟ್ಟುಹೋದದ್ದು ಆ ವರ್ಷದ ಸಸಿಗಳು, ಬೀಜಗಳು, ನೆಲದ ಮೇಲಿನ ಗೊಬ್ಬರದ ಪದರ. ಸುಟ್ಟ ಜಾಗಕ್ಕೆ ಮೊದಲು ಬರುವುದು ಕರಡದ ಹುಲ್ಲು ಮತ್ತು ಕಮ್ಯುನಿಸ್ಟ್ ಗಿಡ. ಎರಡೂ ಮರುವರ್ಷ ಇನ್ನೂ ಜೋರಾಗಿ ಉರಿಯುತ್ತವೆ.

ನಿಮ್ಮ ಬೆಟ್ಟದ ಸುತ್ತಳತೆ, ಆಕಾರ ಓರೆಕೋರೆ ಇದ್ದರೆ, ಎರಡು ಎರಡೂವರೆ ಕಿ.ಮೀ. ಬರಬಹುದು. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವುದರೊಳಗೆ, ರಸ್ತೆ, ಕಾಲುದಾರಿ ಮತ್ತು ಪಕ್ಕದ ಬೇಣದ ಕಡೆಗೆ 4 ಮೀಟರ್ ಅಗಲ ಸವರಿ ಗುಡಿಸಿ; ಇದೇ ಬೆಂಕಿಗೆರೆ. ಮೂರು ಪಾಲುಗಳ ನಡುವೆಯೂ ಇಂಥದೇ ಗೆರೆ ಇರಲಿ. ಒಂದು ಹೊತ್ತಿದರೆ ಇನ್ನೆರಡು ಉಳಿಯುತ್ತವೆ. ಗೆರೆಯ ದರಕನ್ನು ಸುಡಬೇಡಿ, ಅದನ್ನೇ ಕೊಟ್ಟಿಗೆಗೆ ತನ್ನಿ. ಮನೆಗೆ ಬೇಕಾದ ದರಕು ಬೆಂಕಿಗೆರೆಯಿಂದ, ಬೆಟ್ಟದ ಒಳಗಿನ ದರಕು ಬೆಟ್ಟಕ್ಕೆ. ಈ ಒಂದು ಬದಲಾವಣೆಯಿಂದ ಎರಡು ಕೆಲಸ ಆಗುತ್ತದೆ. ಫೆಬ್ರುವರಿಯಲ್ಲಿ ಎಲೆ ಮತ್ತೆ ಉದುರುತ್ತದೆ, ಗೆರೆಯನ್ನು ಇನ್ನೊಮ್ಮೆ ಗುಡಿಸಲೇಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ.

ಇದೇ ತಿಂಗಳುಗಳಲ್ಲಿ ಇನ್ನೊಂದು ಅಪಾಯ ಇದೆ, ದರಕು ಗುಡಿಸುವವರಿಗೆ ಅದು ನೇರ ತಾಗುತ್ತದೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ತಾಲೂಕಿನಲ್ಲೂ ಇದು ಜೀವ ತೆಗೆದಿದೆ. ಇದನ್ನು ಹರಡುವುದು ಉಣುಗು (ಉಣ್ಣೆ ಹುಳ). ಅದರ ಮರಿಗಳು ಎಳ್ಳಿನಷ್ಟು ಸಣ್ಣ, ದರಕಿನಲ್ಲೇ ಇರುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಬೆಟ್ಟಕ್ಕೆ ಹೋಗುವವರು ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ, ಉಣುಗು ತಡೆಯುವ ಡೆಪಾ ಎಣ್ಣೆ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ದರಕಿನ ಮೇಲೆ ಕೂತು ಎಲೆ ಅಡಿಕೆ ಹಾಕುವುದು ಬೇಡ. ದರಕಿನ ರಾಶಿ ಮನೆಯ ಜಗಲಿಗೆ ತಾಗಿ ಬೇಡ. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ; ಸತ್ತ ಜಾಗದ ಸುತ್ತ 50 ಅಡಿ ಕೀಟನಾಶಕ ಹಾಕುವುದು ಅವರ ಕೆಲಸ. ಬೆಟ್ಟಕ್ಕೆ ಹೋದವರಿಗೆ ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಬೆಟ್ಟಕ್ಕೆ ಹೋಗಿದ್ದೆವು ಎಂದು ವೈದ್ಯರಿಗೆ ಮೊದಲು ಹೇಳಿ.

ಕಮ್ಯುನಿಸ್ಟ್ ಗಿಡ ಡಿಸೆಂಬರ್, ಜನವರಿಯಲ್ಲಿ ಹೂ ಬಿಟ್ಟು ಬೀಜ ಹಾರಿಸುತ್ತದೆ. ಅದಕ್ಕೂ ಮೊದಲು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನೆಲ ಹಸಿ ಇರುವಾಗ ಬೇರು ಸಹಿತ ಕಿತ್ತು ಅಲ್ಲೇ ಬೇರು ಮೇಲೆ ಮಾಡಿ ಹಾಕಿ. ಕತ್ತಿಯಿಂದ ಸವರಿದರೆ ಒಂದಕ್ಕೆ ನಾಲ್ಕು ಚಿಗುರುತ್ತದೆ. ಲಂಟಾನಾ ಇದ್ದರೆ ಗುದ್ದಲಿಯಿಂದ ನೆಲದೊಳಗೆ ಮೂರು ಬೆರಳು ಆಳದಲ್ಲಿ ಬೇರಿನ ಗಡ್ಡೆ ಕಡಿದು ತಲೆಕೆಳಗೆ ಮಾಡಿ. ಒಂದೇ ವರ್ಷ 50 ಎಕರೆ ಕೀಳಲು ಹೋಗಬೇಡಿ. ಮರಗಳಿರುವ ಅಂಚಿನಿಂದ ಬೋಳಿನ ಕಡೆಗೆ ವರ್ಷಕ್ಕೆ ಐದಾರು ಎಕರೆ ಸಾಕು. ಕಿತ್ತ ಜಾಗದಲ್ಲಿ ಕವಲು, ಮತ್ತಿ, ನೆಲ್ಲಿಯ ಹಳೇ ಬೇರುಗಳು ತಾವೇ ಚಿಗುರುವುದನ್ನು ನೋಡುತ್ತೀರಿ. ಮಲೆನಾಡಿನ ನೆಲದ ದೊಡ್ಡ ಭಾಗ್ಯ ಅದು. ನೆಡುವುದಕ್ಕಿಂತ ಬಿಡುವುದರಿಂದಲೇ ಇಲ್ಲಿ ಹೆಚ್ಚು ಕಾಡಾಗುತ್ತದೆ.

ನೆಡಲೇಬೇಕಾದ ಜಾಗವೂ ಇದೆ. ಜಂಬಿಟ್ಟಿಗೆ ಕಲ್ಲು ಬಿಸಿಲಿಗೆ ಎದ್ದಿರುವ ಕಡೆ ಹೆಬ್ಬಲಸು, ರಾಮಪತ್ರೆ ಇಟ್ಟರೆ ಮೊದಲ ಬೇಸಿಗೆಯಲ್ಲೇ ಸಾಯುತ್ತವೆ. ಅಲ್ಲಿ ನೆಲ್ಲಿ, ಕವಲು, ಮತ್ತಿ, ಗೇರು. ಮೂರು ನಾಲ್ಕು ವರ್ಷದಲ್ಲಿ ನೆರಳು ಬಂದ ಮೇಲೆ ಅದರಡಿಯಲ್ಲಿ ಉಪ್ಪಾಗೆ, ಮುರುಗಲು, ಹೆಬ್ಬಲಸು, ದಾಲ್ಚಿನ್ನಿ. ಒಂದೂವರೆ ಅಡಿ ಗುಂಡಿ, ಎರಡು ಮೂರು ಒಳ್ಳೆಯ ಮಳೆ ಆದ ನಂತರ ನಾಟಿ. ಬೀಜದ ವಿಷಯದಲ್ಲಿ ಜಾಗ್ರತೆ ಬೇಕು: ರಾಮಪತ್ರೆ, ಹೆಬ್ಬಲಸು, ನೇರಳೆಯ ಬೀಜ ಒಣಗಿದರೆ ಸತ್ತಂತೆ, ಹಣ್ಣಾದ ವಾರ ಎರಡು ವಾರದೊಳಗೆ ಮಣ್ಣಿಗೆ ಬೀಳಬೇಕು. ಉಪ್ಪಾಗೆ ಇದಕ್ಕೆ ತದ್ವಿರುದ್ಧ, ಮೊಳೆಯಲು ಆರು ತಿಂಗಳೂ ತೆಗೆದುಕೊಳ್ಳುತ್ತದೆ. ಮೊಳೆಯಲಿಲ್ಲ ಎಂದು ಚೀಲ ಎಸೆಯಬೇಡಿ; ಬೀಜದ ಸಿಪ್ಪೆ ಬಿಡಿಸಿ ಹಾಕಿದರೆ ಬೇಗ ಬರುತ್ತದೆ.

ಅಕೇಶಿಯಾವನ್ನು ಒಟ್ಟಿಗೆ ಕಡಿಸಬೇಡಿ. ಅದರ ಎಲೆ ಬೇಗ ಕೊಳೆಯುವುದಿಲ್ಲ, ಬೆಂಕಿಗೆ ಎಣ್ಣೆ ಇದ್ದಂತೆ, ಕೆಳಗೆ ಹುಲ್ಲೂ ಏಳುವುದಿಲ್ಲ, ಸೊಪ್ಪಂತೂ ತೋಟಕ್ಕೆ ಉಪಯೋಗವಿಲ್ಲ. ಆದರೂ ಇವತ್ತು ಆ 4 ಎಕರೆಯ ನೆರಳು ಅದೊಂದೇ. ಮರಗಳಲ್ಲಿ ನಾಲ್ಕನೇ ಒಂದು ಪಾಲು ತೆಗೆದು, ಬಿದ್ದ ಬೆಳಕಿನಲ್ಲಿ ಊರ ಮರ ಇಡಿ. ಅವು ಆಳೆತ್ತರ ಬಂದ ಮೇಲೆ ಮುಂದಿನ ಪಾಲು. ಕಡಿಯುವ, ಸಾಗಿಸುವ ಕಾಗದಪತ್ರ ಮೊದಲೇ ವಿಚಾರಿಸಿಕೊಳ್ಳಿ. ಉಳಿದ 7 ಎಕರೆ ಬೇಣವನ್ನು ಬೇಣವಾಗಿಯೇ ಬಿಡಿ. ಬಯಲು ಖಾಲಿ ಕಂಡ ಕೂಡಲೇ ಗಿಡ ನೆಡಬೇಕು ಅನ್ನಿಸುತ್ತದೆ, ಆದರೆ ಕಾಡುಕೋಣಕ್ಕೂ ನಿಮ್ಮ ದನಕ್ಕೂ ಹುಲ್ಲು ಸಿಗುವ ಕೊನೆಯ ಜಾಗ ಅದು.

ಈಗ ನೀರು. ಶಿರಸಿಯ ಸುತ್ತ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ, ಘಟ್ಟದ ಅಂಚಿಗೆ ಹೋದಂತೆ ಹೆಚ್ಚು. 2500 ಮಿ.ಮೀ. ಎಂದರೆ ಒಂದು ಎಕರೆ ಮೇಲೆ 1 ಕೋಟಿ ಲೀಟರ್. ಇದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. 2 ಮೀಟರ್ ಉದ್ದ, 60 ಸೆಂ.ಮೀ. ಅಗಲ, ಅಷ್ಟೇ ಆಳದ ಇಂಗುಗುಂಡಿಯಲ್ಲಿ ಹಿಡಿಯುವುದು 720 ಲೀಟರ್. ನೂರು ಗುಂಡಿ ತೋಡಿದರೂ ಒಮ್ಮೆ ತುಂಬುವುದು 72 ಸಾವಿರ ಲೀಟರ್. ಅದು ಹತ್ತಾರು ಸಲ ತುಂಬಿ ಇಂಗಿದರೂ, ನೆಲದ ಮೇಲಿನ ನಾಲ್ಕು ಬೆರಳು ದಪ್ಪದ ದರಕು ಮತ್ತು ಬೇರು 50 ಎಕರೆಯಲ್ಲಿ ಮಾಡುವ ಕೆಲಸಕ್ಕೆ ಸಮನಾಗುವುದಿಲ್ಲ.

ಜೆಸಿಬಿ ಬೇಡ ಎನ್ನಲು ಇದಕ್ಕಿಂತ ದೊಡ್ಡ ಕಾರಣ ಧರೆ ಕುಸಿತ, ಅಂದರೆ ಗುಡ್ಡದ ಕಡಿದಾದ ಬದಿ ಜರಿಯುವುದು. 2009ರಲ್ಲಿ ಕಾರವಾರದ ಕಡವಾಡ ಝರಿವಾಡ, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರು. ಕಳಚೆಯಲ್ಲಿ ಜಾರಿದ್ದು ನಿಮ್ಮಂಥದೇ ತೋಟ, ನಿಮ್ಮಂಥದೇ ಬೆಟ್ಟ. ನಮ್ಮ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ ಅಥವಾ ಕೆಂಪು ಮಣ್ಣು, ಅದರಡಿ ಶೇಡಿ ಮಣ್ಣು. ತೋಟದ ಹಿಂದಿನ ಧರೆಯನ್ನು ಹತ್ತಿರದಿಂದ ನೋಡಿ. ಕೆಂಪಿನ ಕೆಳಗೆ ಬಿಳಿ, ತಿಳಿಹಳದಿ, ನಸುಗೆಂಪು ಬೆರೆತ ಮೆತ್ತನೆಯ ಪದರ ಕಂಡರೆ ಒಂದು ಚಿಟಿಕೆ ತೆಗೆದು ನೀರು ಹಾಕಿ ಬೆರಳಲ್ಲಿ ತಿಕ್ಕಿ. ಸಾಬೂನಿನಂತೆ ಜಾರುತ್ತದೆ. ಕಡಿದಾದ ಇಳಿಜಾರಿನಲ್ಲಿ ಗುಂಡಿ ತೋಡಿ ನೀರು ನಿಲ್ಲಿಸಿದರೆ ಆ ನೀರು ಇಳಿದು ನಿಲ್ಲುವುದು ಈ ಪದರದ ಮೇಲೆ. ಮೇಲಿನ ಮಣ್ಣು, ಮರ, ಕಲ್ಲು ಎಲ್ಲ ಅದರ ಮೇಲೆ ಜಾರುತ್ತವೆ.

ಹಾಗಾಗಿ ಗುಂಡಿ ಬೇಕಿದ್ದರೆ ಬೇಣದ ಸಣ್ಣ ಇಳಿಜಾರಿನಲ್ಲಿ ಮಾತ್ರ. ನೂರು ಅಡಿ ನಡೆದಾಗ 15 ಅಡಿಗಿಂತ ಹೆಚ್ಚು ಇಳಿಯುವ ಕಡೆ ಬೇಡ. ಸಮಪಾತಳಿ ಗೆರೆಯಲ್ಲಿ, ಒಂದರ ಕೆಳಗೆ ಒಂದು ಬಾರದಂತೆ ಬಿಟ್ಟುಬಿಟ್ಟು, ಮಣ್ಣನ್ನು ಕೆಳಬದಿಗೆ ಹಾಕಿ. ಧರೆಯ ನೆತ್ತಿಯಿಂದ 30 ಮೀಟರ್ ಒಳಗೆ ಒಂದೂ ಬೇಡ. ಇಳಿಜಾರಿನಲ್ಲಿ ಚಂದ್ರನ ಆಕಾರದ ಬಿರುಕು, ಒಂದೇ ಕಡೆ ವಾಲಿದ ಮರಗಳು, ಇದ್ದಕ್ಕಿದ್ದಂತೆ ಹುಟ್ಟಿದ ಕೆಸರು ಒರತೆ ಕಂಡರೆ ಬಿರುಕಿಗೆ ಜಿಗುಟು ಮಣ್ಣು ಜಡಿದು, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿ, ತಹಶೀಲ್ದಾರರಿಗೆ ತಿಳಿಸಿ. ಜೋರು ಮಳೆಯ ರಾತ್ರಿ ಆ ಧರೆಯ ಕೆಳಗೆ ಯಾರೂ ಮಲಗಬಾರದು.

ಹಳ್ಳದ ಎರಡೂ ದಡದಲ್ಲಿ 15 ಮೀಟರ್ ಪಟ್ಟಿಯನ್ನು ಮುಟ್ಟಲೇಬೇಡಿ. ಸೊಪ್ಪಿಲ್ಲ, ದರಕಿಲ್ಲ, ಮೇವಿಲ್ಲ. ಹೈಗ, ರಾಮಪತ್ರೆ, ಕೇದಗೆ, ವಾಟೆ ಇದ್ದರೆ ಅಲ್ಲಿಯೇ ಉಳಿಯಲಿ. ಹಳ್ಳದ ತಲೆಯಲ್ಲಿ ಬೇಸಿಗೆಯಲ್ಲೂ ಕಾಲು ಹೂಳುವ ಜವುಗು ಇದ್ದು, ಕೆಸರಿನಿಂದ ಬೇರುಗಳು ಮೊಣಕಾಲು ಮಡಚಿದಂತೆ ಮೇಲೆದ್ದಿದ್ದರೆ ಅದು ರಾಮಪತ್ರೆ ಜಡ್ಡಿ. ಸಿದ್ದಾಪುರದ ಕತ್ತಲೆಕಾನಿನಲ್ಲಿ ಇರುವಂಥದು. ಇದು ಇಡೀ ಕಣಿವೆಯ ನೀರಿನ ಸ್ಪಂಜು. ಕಾದಿಗೆ (ಬಸಿಗಾಲುವೆ) ತೋಡಿ ಅದನ್ನು ಬಸಿದರೆ ಹಳ್ಳ ತಿರುಗಿ ಬರುವುದಿಲ್ಲ.

ಇದರ ಜೊತೆಗೆ, ಹಳ್ಳಕ್ಕೆ ಅಡ್ಡಲಾಗಿ ತಾತ್ಕಾಲಿಕ ಒಡ್ಡು ಹಾಕುವ ಹಳೆಯ ಕಟ್ಟದ ಪದ್ಧತಿಯನ್ನು ಮತ್ತೆ ಹಿಡಿಯಿರಿ. ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನೊಳಗೆ ಕಲ್ಲು, ಮಣ್ಣು ತುಂಬಿದ ಚೀಲ, ಸೊಪ್ಪಿನ ಕಟ್ಟು ಹಾಕಿ 2-3 ಅಡಿ ಎತ್ತರದ ಕಟ್ಟಗಳನ್ನು ಸಾಲಾಗಿ ಮಾಡಿ. ಒಂದರ ಹಿನ್ನೀರು ಮೇಲಿನದರ ಬುಡಕ್ಕೆ ಮುಟ್ಟಬೇಕು. ಅಕ್ಟೋಬರಿನಲ್ಲೇ ಹಾಕಿದರೆ ಹಿಂಗಾರಿನ ಒಂದು ಮಳೆಗೆ ಕೊಚ್ಚಿ ಹೋಗುತ್ತದೆ, ಜನವರಿಗೆ ಹಾಕಿದರೆ ಹಿಡಿಯಲು ನೀರಿರುವುದಿಲ್ಲ. ಮೇ ಕೊನೆಗೆ ಬಿಚ್ಚಿಬಿಡಿ.

ಇಷ್ಟಾದ ಮೇಲೆ ಬೇಲಿ. 6 ಎಕರೆ ತೋಟದ ಸುತ್ತಳತೆ, ಕಣಿವೆಯಂತೆ ಉದ್ದವಿದ್ದರೂ, ಒಂದು ಕಿ.ಮೀ. ಒಳಗೆ. ಇಡೀ ಆಸ್ತಿಗೆ ಹಾಕಿದರೆ ಮೂರು ಪಟ್ಟು ಹಣ, ಅದಕ್ಕಿಂತ ಹೆಚ್ಚು ದುಡಿಮೆ. ಪ್ರಾಣಿಗಳು ಮೇಯುವ ಜಾಗವೂ ಹೋಗಿ ಹಸಿದವು ಬೇಲಿ ಮುರಿಯುತ್ತವೆ. ಐದು ತಂತಿ ಸಾಕು: ನೆಲದಿಂದ 25, 50, 80, 115, 150 ಸೆಂ.ಮೀ. ಕೆಳಗಿನ ಎರಡು ಕಾಡುಹಂದಿಗೆ, ಮೇಲಿನವು ಕಾಡುಕೋಣಕ್ಕೆ. ತಂತಿಗೆ ಕರೆಂಟು ಬಿಡುವ ಎನರ್ಜೈಸರ್ ಪೆಟ್ಟಿಗೆ ಸೆಕೆಂಡಿಗೆ ಸುಮಾರು ಒಂದು ಹೊಡೆತ ಕೊಡುತ್ತದೆ. ತಂತಿಯ ಕೊಟ್ಟಕೊನೆಯಲ್ಲಿ ಅಳೆದಾಗ 5 ಸಾವಿರ ವೋಲ್ಟ್‌ಗಿಂತ ಕಡಿಮೆ ಇರಬಾರದು. ಪರೀಕ್ಷಕ ಉಪಕರಣ ಕೊಂಡು ವಾರಕ್ಕೊಮ್ಮೆ ನೋಡಿ.

ಶಿರಸಿ ಕಡೆ ಸೋಲಾರ್ ಬೇಲಿ ಸೋಲುವುದು ಎರಡು ಕಾಲದಲ್ಲಿ. ಮಳೆಗಾಲದಲ್ಲಿ ಹುಲ್ಲು, ಬಳ್ಳಿ ಕೆಳತಂತಿಗೆ ತಾಗಿ ವಿದ್ಯುತ್ತು ನೆಲಕ್ಕೆ ಸೋರುತ್ತದೆ; ಎರಡೂ ಬದಿ ಒಂದೊಂದು ಮೀಟರ್ ಹದಿನೈದು ದಿನಕ್ಕೊಮ್ಮೆ ಸವರಲೇಬೇಕು. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ಸತ್ತುಹೋಗುತ್ತದೆ. ಮೀಟರಿನಲ್ಲಿ ವೋಲ್ಟ್ ಸರಿ ಕಾಣುತ್ತದೆ, ಪ್ರಾಣಿಗೆ ಹೊಡೆತ ತಾಗುವುದಿಲ್ಲ. ಆರಡಿ ಉದ್ದದ ಮೂರು ಸರಳುಗಳನ್ನು 3 ಮೀಟರ್ ಅಂತರದಲ್ಲಿ ತೋಟದ ಕಾದಿಗೆಯ ತೇವದಲ್ಲಿ ಹೂಳಿ, ಎರಡನೇ ಮತ್ತು ನಾಲ್ಕನೇ ತಂತಿಯನ್ನು ಅರ್ಥಿಂಗಿಗೆ ಸೇರಿಸಿದರೆ ಒಣ ನೆಲದಲ್ಲೂ ಕೆಲಸ ಮಾಡುತ್ತದೆ. ಹಳ್ಳ ದಾಟುವಲ್ಲಿ ಅಡ್ಡ ತಂತಿ ಎಳೆಯಬೇಡಿ, ನೆರೆಯ ಕಸ ಸಿಕ್ಕಿ ಕಂಬವೇ ಬೀಳುತ್ತದೆ. ಮೇಲೊಂದು ತಂತಿ ಎಳೆದು ಕೆಳಗೆ ಸರಪಳಿ ತೂಗಬಿಡಿ. ಮನೆಯ ಲೈನಿನಿಂದ ನೇರ ಕರೆಂಟು ಕೊಡುವುದು ಕೊಲೆ, ಮನುಷ್ಯರೂ ಸಾಯುತ್ತಾರೆ. ಹಂದಿಗೆಂದು ಇಡುವ ಉರುಳಿಗೆ ಚಿರತೆ, ಕರಡಿ ಬೀಳುತ್ತವೆ. ಕಾಡುಕೋಣ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ.

ಕಾಡುಕೋಣಗಳು ನಡೆಯುವ ದಾರಿ ವರ್ಷವರ್ಷ ಒಂದೇ. ಹೆಜ್ಜೆ, ಸಗಣಿ, ಮೈ ತಿಕ್ಕಿದ ಮರ ನೋಡಿ ಗುರುತಿಸಿ. ನಿಮ್ಮ ಬೇಲಿಗೂ ಪಕ್ಕದವರ ಬೇಲಿಗೂ ನಡುವೆ ಆ ದಾರಿಯಲ್ಲಿ 15 ಮೀಟರ್ ಬಿಡಿ. ಬಿಡದಿದ್ದರೆ ಅವು ಬೇಲಿಯ ಗುಂಟ ನಡೆದು ಬೇಲಿಯಿಲ್ಲದ ಬಡವರ ಗದ್ದೆಗೆ ಇಳಿಯುತ್ತವೆ. ಬೇಣದ ಮೇಲ್ಗಡೆ ಒಂದು ನೀರಿನ ಹೊಂಡ ಮಾಡಿ, ಅದು ಕಾಡುಕೋಣ ಕಣಿವೆಯ ತನಕ ಇಳಿಯದಂತೆ ತಡೆಯುತ್ತದೆ. ಹೊಂಡದ ಒಂದು ಬದಿಯಾದರೂ ಮೂರಡಿ ನಡೆದರೆ ಒಂದಡಿ ಇಳಿಯುವಷ್ಟು ಓರೆಯಾಗಿರಲಿ. ನೇರ ಗೋಡೆಯ ಹೊಂಡಕ್ಕೆ ಬಿದ್ದ ಕರು ಹತ್ತಲಾರದೆ ಮುಳುಗುತ್ತದೆ. ತೆರೆದ ಬಾವಿಗಳಿಗೆ 4 ಅಡಿ ಕಟ್ಟೆ ಕಟ್ಟಿಸಿ.

ಮಂಗಕ್ಕೆ ಬೇಲಿ ಲೆಕ್ಕವಿಲ್ಲ. ಎಳೆ ಅಡಿಕೆಯ ರಸ ಹೀರಿ ಉದುರಿಸುವ ಕಾಲದಲ್ಲಿ ಹಗಲು ಕಾಯುವ ಜನ ಬೇಕೇ ಬೇಕು. ಪಟಾಕಿ, ಹುಲಿಯ ಬೊಂಬೆ, ಧ್ವನಿವರ್ಧಕ ಎರಡು ಮೂರು ವಾರಕ್ಕೆ ರೂಢಿಯಾಗುತ್ತವೆ, ಬದಲಿಸುತ್ತಿರಬೇಕು. ತುಸು ಉಪಯೋಗ ಆಗುವುದು ಒಂದು: ಬೆಟ್ಟದ ಮರದ ಕೊಂಬೆಯಿಂದ ತೋಟದ ಸೋಗೆಗೆ ನೇರ ಹಾರುವ ಜಾಗಗಳನ್ನು ಗುರುತಿಸಿ, ಆ ಕೊಂಬೆಗಳನ್ನಷ್ಟೇ ಸವರಿ ಐದಾರು ಮೀಟರ್ ಬಯಲು ಮಾಡಿ. ನೆಲಕ್ಕಿಳಿದು ದಾಟಬೇಕಾದಾಗ ನಾಯಿಗೆ ಹೆದರುತ್ತವೆ. ಮಂಗ ಹಿಡಿದು ಬೇರೆ ಊರಿಗೆ ಬಿಡುವವರಿಗೆ ಹಣ ಕೊಡಬೇಡಿ; ಅದು ಇನ್ನೊಬ್ಬರ ತೋಟಕ್ಕೆ ತೊಂದರೆ, ಜೊತೆಗೆ ಕಾಯಿಲೆಯೂ ದಾಟಬಹುದು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ ಕಂಡರೆ ಅದು ಮಂಗವಲ್ಲ, ಸಿಂಗಳೀಕ. ಅದರ ರಕ್ಷಣೆಗೆಂದೇ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಗಿದೆ. ಉಪ್ಪಾಗೆ ಅದರ ಮುಖ್ಯ ಆಹಾರ. ಉಪ್ಪಾಗೆಯನ್ನು ಕೊಂಬೆ ಕಡಿದು ಕಾಯಿಯಾಗಿ ಕೊಯ್ಯಬೇಡಿ. ಹಣ್ಣಾಗಿ ಬಿದ್ದದ್ದನ್ನು ಆರಿಸಿ, ಮರದಲ್ಲಿರುವುದರಲ್ಲಿ ಅದಕ್ಕೊಂದು ಪಾಲಿರಲಿ.

ಮುಳ್ಳುಹಂದಿಗೆ ಎಳೆ ತೆಂಗು, ಅಡಿಕೆಯ ಬುಡಕ್ಕೆ ಎರಡಡಿ ಜಾಲರಿ ಸುತ್ತಿದರೆ ಆಯಿತು. ಬೆಟ್ಟದ ಹಳೇ ಟೊಳ್ಳು ಮರ, ಗೋಣಿ, ಬಸರಿ, ಅತ್ತಿಗಳನ್ನು ಯಾವ ಕಾರಣಕ್ಕೂ ತೆಗೆಸಬೇಡಿ. ಮಂಗಟ್ಟೆ ಹಕ್ಕಿಯ ಹೆಣ್ಣು ಬೇಸಿಗೆಯಲ್ಲಿ ಇಂಥ ಪೊಟರೆಯೊಳಗೆ ಸೇರಿ, ಬಾಯಿಗೆ ಗಾರೆ ಹಾಕಿಕೊಂಡು, ಕೊಕ್ಕು ತೂರುವಷ್ಟೇ ಸಂದಿ ಉಳಿಸಿ ತಿಂಗಳುಗಟ್ಟಲೆ ಕೂರುತ್ತದೆ. ಗಂಡು ತಂದುಕೊಡುವುದು ಹೆಚ್ಚಾಗಿ ಈ ಮರಗಳದೇ ಹಣ್ಣು. ರಾಮಪತ್ರೆಯಂಥ ದಪ್ಪ ಬೀಜವನ್ನು ದೂರ ಒಯ್ದು ಬಿತ್ತುವ ಹಕ್ಕಿಗಳು ಹೆಚ್ಚಿಲ್ಲ. ಅದು ನಿಮ್ಮ ಬೆಟ್ಟಕ್ಕೆ ಸಂಬಳವಿಲ್ಲದ ಮಾಲಿ.

ಒಂದು ಲೆಕ್ಕಪುಸ್ತಕ ಇಡಿ. ಹಳ್ಳ ತೋಟಕ್ಕೆ ಬಂದು ಸೇರುವ ಜಾಗದಲ್ಲಿ ಅಡಿಕೆ ದಂಬೆ (ಸೀಳಿ ಟೊಳ್ಳು ಮಾಡಿದ ಮರದ ದೋಣಿ) ಹಾಕಿ ನೀರನ್ನೆಲ್ಲ ಅದರಲ್ಲಿ ತಿರುಗಿಸಿ, 10 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಡಿಸೆಂಬರ್‌ನಿಂದ ತಿಂಗಳ ಮೊದಲ ದಿನ ಬರೆಯಿರಿ. ಹರಿವು ನಿಂತ ತಾರೀಖನ್ನೂ ಬರೆಯಿರಿ. ಮೊದಲ ಎರಡು ವರ್ಷ ಏನೂ ಬದಲಾಗದಿದ್ದರೆ ಗಾಬರಿ ಬೇಡ. ಐದನೇ ವರ್ಷಕ್ಕೂ ಫೆಬ್ರುವರಿಯೇ ಇದ್ದರೆ ಬೆಂಕಿಗೆರೆ ಮತ್ತು ಹಳ್ಳದ ದಡ ಎರಡನ್ನೂ ಮೊದಲು ಪರೀಕ್ಷಿಸಿ, ಹಾಗೇ ಪಕ್ಕದಲ್ಲಿ ಹೊಸ ಬೋರ್‌ವೆಲ್ ಬಂದಿದೆಯೇ ಎಂದೂ ನೋಡಿ.